ಬರದ ನಾಡಿನ ಸಭೆಗಳು: ಅಹವಾಲು ಆಲಿಸುವುದಕ್ಕೂ ಸಮಾಲೋಚಿಸುವುದಕ್ಕೂ ಇರುವ ಅಂತರ

ಪವಿತ್ರ ಕುರ್‌ಆನಿನ 42ನೆಯ ಅಧ್ಯಾಯದ ಹೆಸರು ‘ಅಶ್ಶೂರಾ’, ಅಂದರೆ ಸಮಾಲೋಚನೆ. ಆ ಅಧ್ಯಾಯದ 38ನೆಯ ಸೂಕ್ತವು ಸತ್ಯವಿಶ್ವಾಸಿಗಳ ಗುಣಗಳನ್ನು ವಿವರಿಸುವಾಗ ಒಂದು ಕಡೆ ನಮಾಝನ್ನೂ ಇನ್ನೊಂದು ಕಡೆ ದಾನವನ್ನೂ ಇರಿಸಿ, ಅವೆರಡರ ನಡುವೆ ಪರಸ್ಪರ ಸಮಾಲೋಚನೆಯನ್ನು ಇರಿಸಿದೆ. ಕೂಡಿ ಕುಳಿತು ತೀರ್ಮಾನಿಸುವುದು ಕೇವಲ ಆಡಳಿತದ ಅನುಕೂಲವಲ್ಲ, ಅದು ವಿಶ್ವಾಸಿಯ ಬದುಕಿನ ಲಕ್ಷಣ ಎಂಬುದನ್ನು ಈ ಸ್ಥಾನವೇ ಸೂಚಿಸುತ್ತದೆ.

ಇಂದು ಮಳೆಯ ಕಾಲ ತಪ್ಪುತ್ತಿದೆ, ಬೇಸಿಗೆಯ ಬಿಸಿಲು ಏರುತ್ತಿದೆ. ನೀರು, ಕಾಡು, ಇಂಧನಗಳ ಬಗ್ಗೆ ಸರ್ಕಾರಗಳು ಕಠಿಣ ತೀರ್ಮಾನಗಳನ್ನು ಕೈಗೊಳ್ಳಬೇಕಾಗಿದೆ. ಇವುಗಳನ್ನು ಯಾರು ಕೈಗೊಳ್ಳಬೇಕು ಎಂಬ ಪ್ರಶ್ನೆಗೆ ಯುರೋಪಿನ ಕೆಲವು ದೇಶಗಳು ‘ನಾಗರಿಕರ ಸಭೆ’ ಎಂಬ ಉತ್ತರವನ್ನು ಕಂಡುಕೊಂಡಿವೆ. ಕೇಳಲು ಇದು ಹೊಸದು. ಆದರೆ ಗುಂಡ್ಲುಪೇಟೆ, ಚಾಮರಾಜನಗರಗಳ ನೆಲದಲ್ಲಿ ನಿಂತು ಹಿಂದಿರುಗಿ ನೋಡಿದರೆ ಇದಕ್ಕೆ ನಮ್ಮದೇ ಆದ ದೀರ್ಘ ಚರಿತ್ರೆಯಿದೆ. ಆ ಚರಿತ್ರೆ ನಮಗೆ ಒಂದು ಎಚ್ಚರಿಕೆಯನ್ನೂ ನೀಡುತ್ತದೆ.

ಖರ್ಜೂರದ ತೋಟ ಯಾರದು?

ಮೊದಲು ಮದೀನಾದ ಒಂದು ಘಟನೆಯನ್ನು ಸ್ಮರಿಸೋಣ. ಹಿಜರಿ 5ರ, ಅಂದರೆ ಕ್ರಿ.ಶ. 627ರ ಖಂದಕ್ ಯುದ್ಧದ ಸಂದರ್ಭ. ಸಲ್ಮಾನ್ ಫಾರಿಸಿ(ರ) ಅವರ ಸಲಹೆಯಂತೆ ಕಂದಕ ತೋಡಿ ನಗರವನ್ನು ರಕ್ಷಿಸಲಾಗಿತ್ತು. ಆದರೆ ಮುತ್ತಿಗೆ ದಿನದಿಂದ ದಿನಕ್ಕೆ ಬಿಗಿಯಾಗುತ್ತಿತ್ತು. ಮದೀನಾದ ಖರ್ಜೂರದ ಫಸಲಿನ ಮೂರನೆಯ ಒಂದು ಪಾಲನ್ನು ಗತಫಾನ್ ಬುಡಕಟ್ಟಿಗೆ ಕೊಟ್ಟು ಅವರನ್ನು ಹಿಂದೆ ಸರಿಸುವ ಯೋಚನೆಯನ್ನು ಪ್ರವಾದಿ(ಸ)ರವರು ಮಾಡಿದರು. ಒಪ್ಪಂದ ಅಂತಿಮವಾಗುವ ಮುನ್ನ ಅವರು ಔಸ್ ಮತ್ತು ಖಝ್ರಜ್ ಬುಡಕಟ್ಟುಗಳ ನಾಯಕರಾದ ಸಅದ್ ಬಿನ್ ಮುಆಝ್(ರ) ಮತ್ತು ಸಅದ್ ಬಿನ್ ಉಬಾದ(ರ) ಅವರನ್ನು ಕರೆಸಿದರು. ಏಕೆಂದರೆ ಆ ತೋಟಗಳು ಅವರ ಜನರವು. ಇದು ಅಲ್ಲಾಹನ ಆಜ್ಞೆಯೇ ಅಥವಾ ನಮ್ಮ ಹಿತಕ್ಕಾಗಿ ತಾವು ಮಾಡುತ್ತಿರುವ ಏರ್ಪಾಡೇ ಎಂದು ಅವರಿಬ್ಬರೂ ವಿಚಾರಿಸಿದರು. ತಮ್ಮ ಹಿತಕ್ಕಾಗಿ ಮಾಡಿದ್ದು ಎಂದು ತಿಳಿದಾಗ ಅದಕ್ಕೆ ಸಮ್ಮತಿಸಲಿಲ್ಲ. ಪ್ರವಾದಿ(ಸ)ರವರು ಆ ಒಪ್ಪಂದವನ್ನು ಕೈಬಿಟ್ಟರು.

ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಯಾರ ಫಸಲು ಹೋಗುತ್ತದೆಯೋ ಅವರನ್ನೇ ಕೇಳಲಾಯಿತು. ಅವರು ಕೊಟ್ಟ ಉತ್ತರದಿಂದ ತೀರ್ಮಾನವೂ ಬದಲಾಯಿತು. ಈ ಎರಡು ಅಂಶಗಳನ್ನೇ ಒರೆಗಲ್ಲಾಗಿ ಹಿಡಿದು ನಮ್ಮ ನಾಡಿನ ಸಭೆಗಳನ್ನು ನೋಡೋಣ.

ಕ್ಷಾಮದ ಬೆನ್ನಿಗೆ ಬಂದ ಸಭೆ

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಭೀಕರ ಕ್ಷಾಮ ಆವರಿಸಿತು. ಧಾತು, ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ನೆನೆಯುತ್ತಿದ್ದುದು ಇದನ್ನೇ. ಪೆಸಿಫಿಕ್ ಸಾಗರ ಅಸಾಮಾನ್ಯವಾಗಿ ಕಾಯುವ ಎಲ್ ನಿನೋ ವಿದ್ಯಮಾನವು 1877ರಲ್ಲಿ ಬಹು ತೀವ್ರವಾಗಿತ್ತೆಂದು ವಿಜ್ಞಾನಿಗಳು ಈಗ ಗುರುತಿಸಿದ್ದಾರೆ. ಮೈಸೂರು ಸೀಮೆಯಲ್ಲಿ 1871ರಲ್ಲಿ 50 ಲಕ್ಷದಷ್ಟಿದ್ದ ಜನಸಂಖ್ಯೆ 1881ರ ಗಣತಿಯ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮಳೆ ಹೋದದ್ದು ನಿಸರ್ಗದಿಂದ. ಆದರೆ ಅಷ್ಟು ಜನ ಸತ್ತದ್ದಕ್ಕೆ ಮಳೆಯೊಂದೇ ಕಾರಣವಲ್ಲ. ಹಳ್ಳಿಯ ಸಂಕಟ ಆಳುವವರ ಕಿವಿಗೆ ಬೀಳಲು ತಗುಲಿದ ಕಾಲವೂ ಕಾರಣ.

1881ರ ಮಾರ್ಚ್ ತಿಂಗಳಲ್ಲಿ ಬ್ರಿಟಿಷರು ಸಂಸ್ಥಾನವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದರು. ದಿವಾನ್ ರಂಗಾಚಾರ್ಲು ಅವರ ಮುಂದಾಳತ್ವದಲ್ಲಿ ಅದೇ ವರ್ಷದ ಅಕ್ಟೋಬರ್ 7ರಂದು ಮೈಸೂರು ಪ್ರಜಾ ಪ್ರತಿನಿಧಿ ಸಭೆ ಮೊದಲ ಬಾರಿ ಸೇರಿತು. ಸದಸ್ಯರು 144 ಮಂದಿ. ತಾಲ್ಲೂಕುಗಳಿಂದ ರೈತರೂ ಜಿಲ್ಲೆಗಳಿಂದ ವರ್ತಕರೂ ಬಂದಿದ್ದರು. ಗುಂಡ್ಲುಪೇಟೆ, ಚಾಮರಾಜನಗರದ ಪ್ರದೇಶಗಳು ಆಗ ಮೈಸೂರು ಜಿಲ್ಲೆಗೆ ಸೇರಿದ್ದವು. ದಸರೆಯ ಸಂದರ್ಭದಲ್ಲಿ ಸೇರುತ್ತಿದ್ದ ಆ ಸಭೆಯಲ್ಲಿ ದಿವಾನರು ರಾಜ್ಯದ ಆಯವ್ಯಯವನ್ನೂ ಆಡಳಿತದ ವರದಿಯನ್ನೂ ಓದುತ್ತಿದ್ದರು. ಪ್ರತಿನಿಧಿಗಳು ತಮ್ಮ ಸೀಮೆಯ ಅಹವಾಲುಗಳನ್ನು ಮುಂದಿಡುತ್ತಿದ್ದರು. ಭಾರತದ ದೇಶೀಯ ಸಂಸ್ಥಾನಗಳಲ್ಲಿ ಇಂಥ ಪ್ರಯತ್ನ ಇದೇ ಮೊದಲು. ಮುಂದೆ 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರೂ ಈ ಸಭೆಯ ಅಧ್ಯಕ್ಷಪೀಠದಲ್ಲಿ ಕುಳಿತು ಪ್ರಜೆಗಳ ಮಾತಿಗೆ ಉತ್ತರಿಸಿದವರು.

ಹೆಮ್ಮೆಪಡಬೇಕಾದ ಪರಂಪರೆ ಇದು, ಸಂದೇಹವಿಲ್ಲ. ಆದರೆ ನಮ್ಮ ಒರೆಗಲ್ಲಿಗೆ ಹಚ್ಚಿ ನೋಡಿದಾಗ ಅದರ ಮಿತಿ ಕಾಣುತ್ತದೆ. ಆರಂಭದ ದಶಕಗಳಲ್ಲಿ ಆ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಅಹವಾಲನ್ನು ಕೇಳಿಸಿಕೊಂಡ ದಿವಾನರು ಒಪ್ಪಬಹುದಿತ್ತು, ಬಿಡಬಹುದಿತ್ತು. 1891ರಲ್ಲಿ ಚುನಾವಣೆ ಬಂದಾಗಲೂ ಆಸ್ತಿ ಮತ್ತು ವಿದ್ಯೆಯ ಅರ್ಹತೆ ಬೇಕಿತ್ತು. ಹೊಸ ತೆರಿಗೆ ಹಾಕುವ ಮುನ್ನ ಸಭೆಯ ಅಭಿಪ್ರಾಯ ಪಡೆಯಬೇಕೆಂಬ ಶಾಸನಬದ್ಧ ಸ್ಥಾನ ದೊರೆತದ್ದು 1923ರಲ್ಲಿ. ಕ್ಷಾಮದಲ್ಲಿ ಮೊದಲು ಸತ್ತವರು ಭೂಮಿಯಿಲ್ಲದ ಕೂಲಿಗಳು. ಕ್ಷಾಮದ ಬೆನ್ನಿಗೆ ಬಂದ ಸಭೆಯಲ್ಲಿ ಅವರಿಗೆ ಆಸನವಿರಲಿಲ್ಲ. ಕಾಡಂಚಿನ ಸೋಲಿಗರಿಗೂ ಇರಲಿಲ್ಲ.

ಬೆಟ್ಟದ ಪೋಡುಗಳಲ್ಲಿ

ಆ ಸೋಲಿಗರ ಕಡೆಗೇ ಈಗ ಬರೋಣ. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಧಾಮವಾಯಿತು. ಬೇಸಾಯ ಮಾಡುತ್ತ ಕಾಡಿನಲ್ಲಿ ಎಲ್ಲೆಗಳನ್ನು ಗುರುತಿಸಿಕೊಂಡು ಬದುಕಿದ್ದ ಸೋಲಿಗರನ್ನು ಪೋಡುಗಳಲ್ಲಿ ನೆಲೆಗೊಳಿಸಲಾಯಿತು. ಕಾಲಕ್ರಮದಲ್ಲಿ ಜೇನು, ನೆಲ್ಲಿಕಾಯಿ, ಪಾಚಿ ಸಂಗ್ರಹಿಸಿ ಮಾರುವುದಕ್ಕೂ ತಡೆ ಬಂತು. ಕಾಡನ್ನು ಉಳಿಸುವುದು ಉದ್ದೇಶವಾಗಿತ್ತು. ಆದರೆ ಕಾಡನ್ನು ಬಲ್ಲವರನ್ನು ಯಾರೂ ಕೇಳಲಿಲ್ಲ.

ಕೇಳಿದ್ದರೆ ಏನು ತಿಳಿಯುತ್ತಿತ್ತು? ಬೇಸಿಗೆ ಬಲಿಯುವ ಮುನ್ನವೇ ಒಣಗಿದ ತರಗಿಗೆ ಸಣ್ಣದಾಗಿ ಬೆಂಕಿ ಕೊಡುವ ‘ತರಗುಬೆಂಕಿ’ ಎಂಬ ರೂಢಿ ಸೋಲಿಗರಲ್ಲಿತ್ತು. ಆ ರೂಢಿ ನಿಂತ ಮೇಲೆ ಲಂಟಾನದ ಪೊದೆ ಕಾಡನ್ನೆಲ್ಲ ಆವರಿಸಿತು, ನೆಲ್ಲಿಮರಗಳಿಗೆ ಉಪ್ಪಿಲು ಎಂಬ ಬಂದಳಿಕೆ ಅಂಟಿತು ಎಂಬುದು ಅವರ ಅಭಿಮತ. ಸಂಶೋಧಕರು ಇದನ್ನು ದಾಖಲಿಸಿದ್ದಾರೆ. ಒತ್ತಾಗಿ ಬೆಳೆದ ಒಣ ಪೊದೆ ದೊಡ್ಡ ಬೆಂಕಿಗೆ ಉರುವಲು. 2019ರ ಫೆಬ್ರವರಿಯಲ್ಲಿ ಗುಂಡ್ಲುಪೇಟೆ ಸೀಮೆಯ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಉರಿದದ್ದನ್ನು ನಾವು ಯಾರೂ ಮರೆತಿಲ್ಲ. ಬಿಸಿಲು ಏರುವ ಕಾಲದಲ್ಲಿ ಬೆಂಕಿಯ ಬಗೆಗಿನ ಇಂಥ ತಿಳಿವಳಿಕೆ ಬೆಲೆಕಟ್ಟಲಾಗದ್ದು.

2006ರ ಅರಣ್ಯ ಹಕ್ಕು ಕಾಯಿದೆಯು ಗ್ರಾಮಸಭೆಗೆ ತೂಕ ಕೊಟ್ಟಿತು. ಹಕ್ಕಿನ ಕೋರಿಕೆಯನ್ನು ಮೊದಲು ಪರಿಶೀಲಿಸುವುದು ಗ್ರಾಮಸಭೆಯೇ. ವನ್ಯಜೀವಿ, ನೀರಿನ ಮೂಲ, ಜೀವವೈವಿಧ್ಯಗಳನ್ನು ಕಾಪಾಡುವ ಅಧಿಕಾರವೂ ಅದಕ್ಕಿದೆ. 2011ರ ಜನವರಿಯಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದಾಗ ಮತ್ತೆ ಎತ್ತಂಗಡಿಯ ಭಯ ಹುಟ್ಟಿತು. ಸೋಲಿಗರು ತಮ್ಮ ಸಭೆಗಳನ್ನು ಸೇರಿಸಿ, ದೇವರ ತಾಣ, ಒರತೆ, ಹಿರಿಯರ ಸಮಾಧಿಗಳನ್ನು ನಕ್ಷೆಯಲ್ಲಿ ಗುರುತಿಸಿ ತಮ್ಮ ಹಕ್ಕನ್ನು ಮಂಡಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ದೊರೆಯಿತು. ಹುಲಿಯ ಕಾಡಿನೊಳಗೆ ಇಂಥ ಹಕ್ಕು ದೊರೆತದ್ದು ದೇಶದಲ್ಲೇ ಮೊದಲು ಎನ್ನಲಾಗುತ್ತದೆ. ಮೈಸೂರಿನ ಸಭೆಯಲ್ಲಿ ಆಸನವಿಲ್ಲದಿದ್ದವರು ಹೀಗೆ ತಮ್ಮದೇ ಸಭೆಯ ಬಲದಿಂದ ಕಾನೂನಿನ ಮಾನ್ಯತೆ ಪಡೆದರು. ಆದರೂ ಕಾಡಿನ ದಿನನಿತ್ಯದ ನಿರ್ವಹಣೆಯಲ್ಲಿ ಅವರ ಮಾತಿಗೆ ಎಷ್ಟು ಬೆಲೆ ಎಂಬ ಪ್ರಶ್ನೆ ಇನ್ನೂ ಮುಗಿದಿಲ್ಲ.

ಈ ಸಂದರ್ಭದಲ್ಲಿ ಹಝ್ರತ್ ಉಮರ್(ರ) ಅವರ ಒಂದು ಆದೇಶ ನೆನಪಾಗುತ್ತದೆ. ‘ಹಿಮಾ’ ಎಂಬ ಕಾಯ್ದಿಟ್ಟ ಹುಲ್ಲುಗಾವಲಿನ ಮೇಲ್ವಿಚಾರಣೆಗೆ ಹುನೈ ಎಂಬವರನ್ನು ನೇಮಿಸಿದಾಗ, ಕೆಲವೇ ಒಂಟೆ, ಕುರಿಗಳನ್ನು ಹೊಂದಿರುವ ಬಡವರನ್ನು ಒಳಗೆ ಬಿಡಬೇಕೆಂದೂ ಉಸ್ಮಾನ್ ಬಿನ್ ಅಫ್ಫಾನ್(ರ), ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರಂಥ ಅನುಕೂಲಸ್ಥರ ಹಿಂಡುಗಳನ್ನು ತಡೆಯಬೇಕೆಂದೂ ಸೂಚಿಸಿದರೆಂದು ಸಹೀಹ್ ಬುಖಾರಿಯಲ್ಲಿದೆ. ಅನುಕೂಲಸ್ಥರ ಜಾನುವಾರು ಸತ್ತರೂ ಅವರಿಗೆ ತೋಟ, ಹೊಲಗಳಿವೆ. ಬಡವನಿಗೆ ಬೇರೆ ದಾರಿಯಿಲ್ಲ. ನೆಲವನ್ನು ಕಾಯುವುದೂ ಬಡವನನ್ನು ಕಾಯುವುದೂ ಅವರ ದೃಷ್ಟಿಯಲ್ಲಿ ಬೇರೆ ಬೇರೆಯಾಗಿರಲಿಲ್ಲ.

ಯುರೋಪಿನ ಪಾಠ

ಇನ್ನು ಹೊರಗಿನ ಅನುಭವ. ಐರ್ಲೆಂಡ್ ದೇಶವು 99 ಸಾಮಾನ್ಯ ನಾಗರಿಕರನ್ನು ಆಯ್ದು ಸಭೆ ಸೇರಿಸಿ, 2017ರಲ್ಲಿ ಹವಾಮಾನದ ವಿಷಯವನ್ನು ಅವರ ಮುಂದಿಟ್ಟಿತು. ತಜ್ಞರ ಮಾತನ್ನು ಆಲಿಸಿ, ಚರ್ಚಿಸಿ ಅವರು 13 ಶಿಫಾರಸುಗಳನ್ನು ನೀಡಿದರು. ಆ ದೇಶದ ಮುಂದಿನ ಹವಾಮಾನ ನೀತಿಗೆ ಅವು ದಾರಿ ಮಾಡಿದವು. ಫ್ರಾನ್ಸಿನಲ್ಲಿ 2018ರಲ್ಲಿ ಇಂಧನದ ತೆರಿಗೆ ಏರಿಕೆಯ ವಿರುದ್ಧ ಹಳ್ಳಿ, ಪಟ್ಟಣಗಳ ಜನ ಬೀದಿಗಿಳಿದರು. ಆ ಬಳಿಕ ಚೀಟಿ ಎತ್ತಿದಂತೆ ಆಯ್ದ 150 ಮಂದಿಯ ಸಭೆ 2019ರ ಅಕ್ಟೋಬರ್‌ನಿಂದ 2020ರ ಜೂನ್‌ವರೆಗೆ ಕುಳಿತು 149 ಪ್ರಸ್ತಾವಗಳನ್ನು ಮುಂದಿಟ್ಟಿತು. ಅವುಗಳನ್ನು ಸೋಸದೆ ಮುಂದಕ್ಕೆ ಕಳುಹಿಸುವುದಾಗಿ ಅಧ್ಯಕ್ಷ ಮ್ಯಾಕ್ರೋನ್ ಮಾತು ಕೊಟ್ಟಿದ್ದರು. 2021ರಲ್ಲಿ ಕಾನೂನು ಬಂದಾಗ ಹಲವು ಪ್ರಸ್ತಾವಗಳು ಕೈಬಿಟ್ಟಿದ್ದವು, ಹಲವು ತೆಳುವಾಗಿದ್ದವು. ಸದಸ್ಯರಲ್ಲಿ ಅನೇಕರು ತೀವ್ರ ಅಸಮಾಧಾನ ವ್ಯಕ್ತಪಡಿಸಿದರು.

1881ರ ಮೈಸೂರಿಗೂ 2021ರ ಪ್ಯಾರಿಸ್‌ಗೂ ಇಲ್ಲಿ ಒಂದು ಸಾಮ್ಯವಿದೆ. ಅಹವಾಲನ್ನು ಆಲಿಸಿದ ಮಾತ್ರಕ್ಕೆ ಸಮಾಲೋಚನೆ ಆಗುವುದಿಲ್ಲ. ಕೇಳಿದ ಮಾತು ತೀರ್ಮಾನವನ್ನು ಮುಟ್ಟಬೇಕು. ಮುಟ್ಟದಿದ್ದಲ್ಲಿ ಏಕೆ ಮುಟ್ಟಲಿಲ್ಲ ಎಂಬ ಉತ್ತರವಾದರೂ ಮಾತಾಡಿದವರಿಗೆ ಸಿಗಬೇಕು.

ನಮ್ಮ ಪಾಲಿನ ಹೊಣೆ

ಸಭೆ ಸೇರಿದರೆ ಯಾವಾಗಲೂ ಸರಿಯಾದ ತೀರ್ಮಾನವೇ ಬರುತ್ತದೆಯೇ ಎಂಬ ಸಂಶಯ ಸಹಜ. ಉಹುದ್ ಯುದ್ಧದಲ್ಲಿ ನಗರದೊಳಗೇ ಇರಬೇಕೆಂಬುದು ಪ್ರವಾದಿ(ಸ)ರವರ ಒಲವಾಗಿತ್ತು. ಹೊರಗೆ ಹೋಗಿ ಎದುರಿಸಬೇಕೆಂಬುದು ಬಹುಜನರ, ವಿಶೇಷವಾಗಿ ಯುವಕರ ಅಭಿಪ್ರಾಯವಾಗಿತ್ತು. ಅವರ ಮಾತನ್ನೇ ಪ್ರವಾದಿ(ಸ)ರವರು ಅಂಗೀಕರಿಸಿದರು. ಆ ದಿನ ಮುಸ್ಲಿಮರಿಗೆ ಭಾರೀ ನಷ್ಟವಾಯಿತು. ಆದರೆ ಅದರ ಬಳಿಕ ಅವತೀರ್ಣವಾದ ಆಲು ಇಮ್ರಾನ್ ಅಧ್ಯಾಯದ 159ನೆಯ ಸೂಕ್ತವು ಅವರನ್ನು ಕ್ಷಮಿಸಲು ಹೇಳುವುದರೊಂದಿಗೆ ಅವರೊಡನೆ ಸಮಾಲೋಚಿಸುತ್ತಿರಲು ಆದೇಶಿಸಿತು. ನಷ್ಟವನ್ನು ನೆಪವಾಗಿಟ್ಟುಕೊಂಡು ಜನರನ್ನು ಕೇಳುವುದನ್ನೇ ನಿಲ್ಲಿಸಲು ಅಲ್ಲಿ ಅವಕಾಶವಿಲ್ಲ.

ಗುಂಡ್ಲುಪೇಟೆಯ ಸುತ್ತಮುತ್ತ ಕಾಡಿನ ಹೆದ್ದಾರಿಯಲ್ಲಿ ರಾತ್ರಿ ಸಂಚಾರ ನಿಷೇಧವಿರಲಿ, ಬಂಡೀಪುರದ ಸುತ್ತಲಿನ ಪರಿಸರ ಸೂಕ್ಷ್ಮ ವಲಯವಿರಲಿ, ನ್ಯಾಯಾಲಯ ಮತ್ತು ಸಚಿವಾಲಯಗಳಲ್ಲಿ ರೂಪುಗೊಂಡ ತೀರ್ಮಾನಗಳು. ಅವುಗಳಲ್ಲಿ ಒಳಿತಿದೆ. ಆದರೆ ಕೊಳವೆಬಾವಿ ಬತ್ತಿದಾಗ, ಅರಿಶಿನ, ಬಾಳೆ, ಚೆಂಡುಹೂವಿನ ಫಸಲು ಬಿಸಿಲಿಗೆ ಒಣಗಿದಾಗ, ಆನೆ ಹೊಲಕ್ಕೆ ಇಳಿದಾಗ ಏನು ಮಾಡಬೇಕೆಂಬುದನ್ನು ಊರಿನವರ ಬಾಯಿಂದಲೇ ಕೇಳಬೇಕಾಗುತ್ತದೆ. ತರಕಾರಿ ವ್ಯಾಪಾರ, ಲಾರಿಯ ದುಡಿಮೆ, ಗಾರೆ ಕೆಲಸಗಳನ್ನು ನಂಬಿದ ನಮ್ಮ ಮನೆಗಳೂ ಈ ಬಿಸಿಲಿನ ಪಾಲುದಾರರೇ.

ಕರ್ನಾಟಕದ ಪಂಚಾಯತ್ ರಾಜ್ ಕಾಯಿದೆಯಂತೆ ವರ್ಷಕ್ಕೆ ಎರಡು ಬಾರಿಯಾದರೂ ಗ್ರಾಮಸಭೆ ಸೇರಬೇಕು. ಅಲ್ಲಿಗೆ ಮನೆ ಮಂಜೂರಾತಿಯ ಪಟ್ಟಿ ನೋಡಲು ಮಾತ್ರ ಹೋಗುವ ರೂಢಿಯನ್ನು ಬಿಡೋಣ. ಕೆರೆಯ ಹೂಳು, ಗೋಮಾಳದ ಮರ, ಕುಡಿಯುವ ನೀರು ನಮ್ಮ ವಿಷಯಗಳಾಗಲಿ. ನೀರಿನ ಕಷ್ಟವನ್ನು ಹೆಚ್ಚು ಬಲ್ಲ ನಮ್ಮ ತಾಯಂದಿರು, ಸಹೋದರಿಯರು ಅಲ್ಲಿ ಮಾತಾಡಲಿ. ಆಡಿದ ಮಾತು ನಡಾವಳಿ ಪುಸ್ತಕದಲ್ಲಿ ದಾಖಲಾಯಿತೇ, ಮುಂದಿನ ಸಭೆಯಲ್ಲಿ ಅದಕ್ಕೆ ಉತ್ತರ ಬಂತೇ ಎಂದು ವಿಚಾರಿಸೋಣ. ಜಮಾಅತ್‌ನ ಮಶ್ವರಾಗಳಲ್ಲೂ ಇದೇ ಶಿಸ್ತನ್ನು ರೂಢಿಸಿಕೊಂಡರೆ ನಮ್ಮ ಮಕ್ಕಳಿಗೆ ಅದು ಬಾಲ್ಯದಿಂದಲೇ ಪಾಠವಾಗುತ್ತದೆ.

ಕೂಡಿ ಕುಳಿತು ಯೋಚಿಸುವ, ಕೇಳಿದ ಮಾತಿಗೆ ಬೆಲೆ ಕೊಡುವ ತೌಫೀಕನ್ನು ಅಲ್ಲಾಹನು ನಮಗೂ ನಮ್ಮನ್ನು ಆಳುವವರಿಗೂ ಕರುಣಿಸಲಿ. ಆಮೀನ್.