ನೆರೆಹೊರೆಯ ಹಗೆ, ನೆರೆಹೊರೆಯ ಒಪ್ಪಂದ

1945ರಲ್ಲಿ ಎರಡನೆಯ ಮಹಾಯುದ್ಧ ಮುಗಿಯಿತು ಎಂಬಲ್ಲಿಗೆ ನಮ್ಮ ಪಾಠವೂ ಮುಗಿಯುತ್ತಿತ್ತು. ಪರೀಕ್ಷೆಗೆ ಅಷ್ಟು ಸಾಕಿತ್ತು. ಆದರೆ ಹೊಡೆದಾಡಿದ ನೆರೆಯವರು ಆಮೇಲೆ ಒಟ್ಟಿಗೆ ಬದುಕಿದ್ದು ಹೇಗೆ? ಬದುವಿನ ಜಗಳ ಕಂಡ ಹಳ್ಳಿಯವರಿಗೆ ಈ ಪ್ರಶ್ನೆಯ ಭಾರ ಗೊತ್ತು.

ಫ್ರಾನ್ಸ್ ಮತ್ತು ಜರ್ಮನಿ 1870ರಿಂದ 1945ರೊಳಗೆ ಮೂರು ಬಾರಿ ಕಾದಾಡಿದವು. ಗಡಿಯ ಆಲ್ಸೇಸ್ ಪ್ರಾಂತ್ಯ ನಾಲ್ಕು ಸಲ ಕೈ ಬದಲಾಯಿಸಿತು. ಅಲ್ಲಿ ಊರು ಬಿಟ್ಟು ಕದಲದ ಮುದುಕರೂ ನಾಲ್ಕು ಸಲ ದೇಶ ಬದಲಿಸಿದಂತಾಯಿತು.

ಯುದ್ಧಾನಂತರ ಫ್ರಾನ್ಸನ್ನು ಕಾಡಿದ್ದು ಒಂದೇ ಭಯ: ರೂರ್ ಪ್ರದೇಶದ ಕಲ್ಲಿದ್ದಲು, ಉಕ್ಕು ಮತ್ತೆ ಫಿರಂಗಿಗಳಾದರೆ? ಅದು ಗಣಿಗಳಿರುವ ಸಾರ್ ಪ್ರದೇಶವನ್ನು ಜರ್ಮನಿಯಿಂದ ಬೇರ್ಪಡಿಸಿ ತನ್ನ ಹಿಡಿತದಲ್ಲಿಟ್ಟುಕೊಂಡಿತು. ಜರ್ಮನರಿಗೆ ಇದು ನುಂಗಲಾರದ ತುತ್ತು.

1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಮಂತ್ರಿ ರಾಬರ್ಟ್ ಶೂಮನ್ ಹೊಸ ದಾರಿ ತೋರಿದರು. ಎರಡೂ ದೇಶಗಳ ಕಲ್ಲಿದ್ದಲು, ಉಕ್ಕು ಒಂದೇ ಜಂಟಿ ಆಡಳಿತಕ್ಕೆ ಬರಲಿ. ಆಗ ಯಾರೂ ಗುಟ್ಟಾಗಿ ಯುದ್ಧಕ್ಕೆ ಸಜ್ಜಾಗಲಾರರು. ಯೋಜನೆಯ ಕರಡು ಝಾನ್ ಮೊನೆ ಅವರದು. ಶೂಮನ್ ಹುಟ್ಟಿನಿಂದ ಜರ್ಮನ್ ಪ್ರಜೆ. ಮೊದಲ ಮಹಾಯುದ್ಧದ ನಂತರ ಫ್ರೆಂಚರಾದವರು. 1940ರಲ್ಲಿ ಜರ್ಮನಿಯ ಗೆಸ್ಟಾಪೊ ಅವರನ್ನು ಬಂಧಿಸಿತ್ತು. ಅಂಥವರೇ ಕೈ ಚಾಚಿದ್ದರು. ಪಶ್ಚಿಮ ಜರ್ಮನಿಯ ಚಾನ್ಸಲರ್ ಅಡೆನೌರ್ ಒಪ್ಪಿದರು. 1951ರ ಏಪ್ರಿಲ್ 18ರಂದು ಆರು ದೇಶಗಳು ಪ್ಯಾರಿಸ್‌ನಲ್ಲಿ ಸಹಿ ಹಾಕಿದವು.

ಹಾಗೆಂದು ಪೈಪೋಟಿ ನಿಲ್ಲಲಿಲ್ಲ. ಜರ್ಮನ್ ಸೈನಿಕರೂ ಸೇರುವ ಜಂಟಿ ಸೇನೆಯ ಯೋಜನೆಯನ್ನು 1954ರಲ್ಲಿ ಫ್ರಾನ್ಸಿನ ಸಂಸತ್ತೇ ತಳ್ಳಿಹಾಕಿತು. 1955ರ ಜನಮತಗಣನೆಯಲ್ಲಿ ಸಾರ್ ಜನ ಪ್ರತ್ಯೇಕ ಸ್ಥಾನಮಾನ ಬೇಡವೆಂದರು. ಫ್ರಾನ್ಸ್ ಆ ತೀರ್ಪಿಗೆ ತಲೆಬಾಗಿತು. 1957ರ ಜನವರಿ 1ರಂದು ಸಾರ್ ಪಶ್ಚಿಮ ಜರ್ಮನಿಯನ್ನು ಸೇರಿತು. ಗುಂಡು ಹಾರದೆ ಗಡಿ ಬದಲಾದದ್ದು ಸಣ್ಣ ಮಾತಲ್ಲ.

1963ರ ಜನವರಿ 22ರಂದು ಡಿಗಾಲ್ ಮತ್ತು ಅಡೆನೌರ್ ಮೈತ್ರಿ ಒಪ್ಪಂದಕ್ಕೆ ಸಹಿ ಹಾಕಿದರು. ಜರ್ಮನಿ ಅಮೆರಿಕದ ನೆರಳಿನಿಂದ ಸರಿಯಲಿ ಎಂಬುದು ಡಿಗಾಲ್ ಆಸೆ. ಜರ್ಮನ್ ಸಂಸತ್ತು ಅಮೆರಿಕದ ಸ್ನೇಹವನ್ನು ಸಾರುವ ಪೀಠಿಕೆ ಸೇರಿಸಿಯೇ ಅದನ್ನು ಅಂಗೀಕರಿಸಿತು. ಡಿಗಾಲ್‌ಗೆ ನಿರಾಸೆಯಾಯಿತು. ಆದರೂ ಅದೇ ವರ್ಷ ಹುಟ್ಟಿದ ಜಂಟಿ ಯುವಜನ ಸಂಸ್ಥೆ ಲಕ್ಷಾಂತರ ಹುಡುಗ ಹುಡುಗಿಯರನ್ನು ಗಡಿಯಾಚೆಯವರೊಡನೆ ಬೆರೆಸಿತು.

2006ರಲ್ಲಿ ಎರಡೂ ದೇಶಗಳ ಪ್ರೌಢಶಾಲೆಗಳಿಗಾಗಿ ಒಂದೇ ಇತಿಹಾಸ ಪಠ್ಯಪುಸ್ತಕ ಎರಡು ಭಾಷೆಗಳಲ್ಲಿ ಹೊರಬಂತು. ಮಕ್ಕಳಿಗೆ ಹಗೆ ಕಲಿಸಿದ್ದು ಶಾಲೆಯ ಪಾಠವೂ ಹೌದು. ಅದನ್ನು ತಿದ್ದಲು ಹೊರಟದ್ದೂ ಶಾಲೆಯ ಪಾಠವೇ. ಐವತ್ತು ವರ್ಷ ತುಂಬಿದ ನಮ್ಮ ಶಾಲೆಯ ಅಂಗಳದಲ್ಲಿ ನಿಂತು ನೆನೆಯಬೇಕಾದ ಮಾತಿದು.