ಶಾಪ ಕೊಟ್ಟವರು ಯಾರು?

ಯಮನೂರಿನ ಚಾಂಗದೇವನ ಉರುಸಿನಲ್ಲಿ ಬೆಣ್ಣಿಹಳ್ಳದ ನೀರು ಹಾಕಿದರೂ ದೀಪ ಉರೀತಾವ ಅಂತ ನಂಬುವ ಸೀಮೆ ನಮ್ಮದು. ಆ ದೇವರನ್ನೇ ಮುಸಲರು ರಾಜಾಬಾಗಸವಾರ ಅಂತಾರೆ. ಹುಲಿ ಏರಿ, ಹಾವನ್ನ ಬಾರಕೋಲು ಮಾಡಿಕೊಂಡವನು ಚಾಂಗದೇವ. ಇಂಥ ಕಡೆ ಹಾವೊಂದು ಬಚ್ಚಲ ಕಿಂಡಿಯಿಂದ ಒಳಗೆ ಬಂದು ಗಂಡಸಾಯಿತು ಅಂದರೆ ಯಾರೂ ನಗುವುದಿಲ್ಲ. ಟಿ.ಎಸ್. ನಾಗಾಭರಣರ ‘ನಾಗಮಂಡಲ’ (1997) ಸಿನಿಮಾ ನಮ್ಮ ಜನಕ್ಕೆ ಮನೆಯ ಕಥೆಯಂತೆ ಹಿಡಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಅದು ಮನೆಯ ಕಥೆಯೇ. ಸಿನಿಮಾಕ್ಕೆ ಮೂಲ ಗಿರೀಶ ಕಾರ್ನಾಡರ 1988ರ ನಾಟಕ. ನಾಟಕಕ್ಕೆ ಮೂಲ ಎ.ಕೆ. ರಾಮಾನುಜನ್ ಅವರಿಗೆ ಹೇಳಿದ ಎರಡು ಜನಪದ ಕಥೆಗಳು. ರಾಮಾನುಜನ್ 1950ರ ದಶಕದಲ್ಲಿ ಬೆಳಗಾವಿಯಲ್ಲಿ ಮೇಷ್ಟರಾಗಿದ್ದವರು, ಈ ಕಡೆಯ ಕಥೆಗಳನ್ನು ಕೂಡಿಟ್ಟವರು. ಕೂಸಿಗೆ ಉಣಿಸುತ್ತಾ, ಮಲಗಿಸುತ್ತಾ ಇಂಥ ಕಥೆ ಹೇಳಿದ ಅವ್ವಂದಿರ ಹೆಸರು ಮಾತ್ರ ಪರದೆಯ ಮೇಲೆ ಬರಲಿಲ್ಲ. ಬರುವುದೂ ಇಲ್ಲ ಬಿಡಿ.

ಕಥೆ ಗೊತ್ತಿದ್ದದ್ದೇ. ಅಪ್ಪಣ್ಣ ಮಧ್ಯಾಹ್ನ ಬಂದು ಉಂಡು, ರಾಣಿಯನ್ನ ಒಳಗ ಹಾಕಿ ಕೀಲಿ ಜಡಿದು ಸೂಳೆಯ ಮನೆಗೆ ಹೋಗುತ್ತಾನೆ. ಗಂಡನ ಮನಸ್ಸು ತಿರುಗಲೆಂದು ಕುರುಡವ್ವ ಕೊಟ್ಟ ಬೇರು ಸಾರಿಗೆ ಬಿದ್ದು, ಸಾರು ಹುತ್ತಕ್ಕೆ ಬಿದ್ದು, ನಾಗಪ್ಪ ರಾಣಿಗೆ ಮನಸೋಲುತ್ತಾನೆ. ರಾತ್ರಿಯಷ್ಟೇ ಅವನು ಗಂಡನ ರೂಪದಲ್ಲಿ ಬರಬಲ್ಲ. ಹಗಲು ಸಿಟ್ಟಿನ ಗಂಡ, ರಾತ್ರಿ ಪ್ರೀತಿಯ ಗಂಡ. ಯಾಕೆ ಹೀಗೆ ಅಂತ ಅವಳು ಕೇಳುವಂತಿಲ್ಲ. ಹಗಲಿಗೂ ರಾತ್ರಿಗೂ ನಡುವೆ ಸಿಕ್ಕಿಬಿದ್ದ ಪ್ರೇಮಿಗಳು ಇವರು. ಶಕುಂತಲೆಯ ಕಥೆಯಲ್ಲಾದರೆ ಶಾಪ ಕೊಡಲು ದೂರ್ವಾಸ ಇದ್ದ. ಇಲ್ಲಿ ಯಾವ ಋಷಿಯೂ ಇಲ್ಲ. ಇರುವುದು ಬಾಗಿಲಿಗೆ ಬಿದ್ದ ಕೀಲಿ, ಅದರ ಹಿಂದೆ ಊರ ಪಂಚರು. ರಾಣಿ ಬಸುರಾದಾಗ ಅಪ್ಪಣ್ಣನನ್ನು ಯಾರೂ ಕಟಕಟೆಗೆ ಏರಿಸಲಿಲ್ಲ. ಹುತ್ತಕ್ಕೆ ಕೈ ಹಾಕಿ ಹಾವು ಹಿಡಿದು ಆಣೆ ಮಾಡಬೇಕಾದವಳು ಅವಳೇ. ಹಾವು ಕಚ್ಚಲಿಲ್ಲ, ಹೆಡೆ ಎತ್ತಿತು, ಊರು ಅವಳನ್ನ ದೇವಿ ಅಂತ ಕೈ ಮುಗಿಯಿತು.

ಕಣ್ಣು ತುಂಬಿಕೊಂಡು ಎದ್ದು ಹೋಗುವವರಿಗೆ ಒಂದು ಮಾತು ಕೇಳಬೇಕಾಗಿದೆ. ಆ ಸೂಳೆ ಏನಾದಳು? ನಾಟಕದಲ್ಲಿ ಅವಳಿಗೆ ಹೆಸರೇ ಇಲ್ಲ. ರಾಣಿಯ ಮಹಿಮೆ ನೋಡಿ ತನ್ನ ಬಾಳಿಗೆ ನಾಚಿ, ಅದೇ ಮನೆಯಲ್ಲಿ ಜೀವನಪರ್ಯಂತ ನೀರು ಹೊರುವ ಆಳಾಗಿ ನಿಲ್ಲುತ್ತಾಳೆ. ಅಪ್ಪಣ್ಣ ಒಂದು ಸಲ ಕಾಲಿಗೆ ಬಿದ್ದು ಯಜಮಾನನಾಗಿಯೇ ಉಳಿದ. ಕಾರ್ನಾಡರು ಇದನ್ನು ಚುಚ್ಚಲಿಕ್ಕೇ ಬರೆದಿರಬಹುದು. ನೋಡುವವರಿಗೆ ಅದು ಚುಚ್ಚುವುದಿಲ್ಲ, ಅಷ್ಟೇ.

ನಾಟಕ ಅವಳ ಜಾತಿ ಹೇಳುವುದಿಲ್ಲ. ಆದರೆ ನವಲಗುಂದದಿಂದ ಸವದತ್ತಿ ಎಷ್ಟು ದೂರ? ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿಯರು ಹೆಚ್ಚಾಗಿ ಯಾವ ಕೇರಿಯವರು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಧಾರವಾಡ ಮುಂಬಯಿ ಪ್ರಾಂತದಲ್ಲಿದ್ದಾಗಲೇ, 1934ರಲ್ಲಿ, ದೇವದಾಸಿ ಬಿಡುವುದನ್ನು ತಡೆಯುವ ಕಾಯ್ದೆ ಬಂತು. ಅದು ಸಾಲದೆ 1982ರಲ್ಲಿ ಕರ್ನಾಟಕ ಮತ್ತೊಂದು ಕಾಯ್ದೆ ಮಾಡಬೇಕಾಯಿತು. ನಡುವಿನ 48 ವರ್ಷ ಊರ ಗೌಡರ ಮನೆಯ ರಾಣಿಯರು ಕೀಲಿಯೊಳಗೆ ಇದ್ದರು, ನಮ್ಮ ಅಕ್ಕಂದಿರು ಕೀಲಿಯೇ ಇಲ್ಲದ ಗುಡಿಸಲಲ್ಲಿ ಇದ್ದರು. ಇಬ್ಬರ ನಡುವೆ ಓಡಾಡಿದವನು ಒಬ್ಬನೇ.

ಹಳ್ಳಿಯ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬಂದಾಗ, ಜೋಕಾಲಿ ಕಟ್ಟಿದ ಗಿಡದ ಕೆಳಗೆ ಕೂತ ಮುದುಕಿಯರಿಂದ ಈ ಹಾವಿನ ಕಥೆ ಕೇಳಿ ಬರೆದುಕೊಳ್ಳಿ. ಮೇಲಿನ ಓಣಿಯಲ್ಲಿ ಒಮ್ಮೆ, ನಮ್ಮ ಕೇರಿಯಲ್ಲಿ ಒಮ್ಮೆ ಕೇಳಿ. ಕಡೆಗೆ ನೀರು ಹೊರುವವಳು ಯಾರು ಅನ್ನೋದನ್ನ ಗುರುತು ಹಾಕಿಕೊಳ್ಳಿ. ಹೇಳಿದವ್ವನ ಹೆಸರು ಮೊದಲು ಬರೆಯಿರಿ.