ಸೊಸೆವೂರು (ಅಂಗಡಿ)

ಹೊಯ್ಸಳ ಅರಸರ ಮೂಲನೆಲೆ. ಇಂದಿನ ಹೆಸರು ಅಂಗಡಿ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ, ಸಕಲೇಶಪುರ ತಾಲ್ಲೂಕಿನ ಗಡಿಗೆ ಹತ್ತಿರವಿರುವ ಚಿಕ್ಕ ಗ್ರಾಮ. ಸಂಸ್ಕೃತದಲ್ಲಿ ಇದನ್ನು ಶಶಕಪುರವೆಂದು ಕರೆದಿದ್ದಾರೆ. ಬೇಲೂರು, ಹಳೇಬೀಡುಗಳನ್ನು ನೋಡಿ ಬರುವ ಸಾವಿರಾರು ಜನರಲ್ಲಿ ಇಲ್ಲಿಯವರೆಗೆ ಬರುವವರು ಕೆಲವರೇ. ಆದರೆ ಹೊಯ್ಸಳರ ಕಥೆ ಶುರುವಾಗುವುದು ಈ ಕಾಫಿ ತೋಟಗಳ ನಡುವೆ.

ಹೇಮಾವತಿ ಹುಟ್ಟುವ ಜಾವಳಿಯೂ ಮೂಡಿಗೆರೆ ತಾಲ್ಲೂಕಿನದೇ. ಅಲ್ಲಿಂದ ಸಕಲೇಶಪುರದ ಮೇಲೆ ಹರಿದು ಗೊರೂರಿನತ್ತ ಸಾಗುವ ಈ ನದಿಯ ಆಚೀಚೆಯ ಗುಡ್ಡಸೀಮೆಯನ್ನು 10ನೇ ಶತಮಾನದಲ್ಲಿ ‘ಮಲೆಪರು’ ಎಂಬ ಬೆಟ್ಟದ ನಾಯಕರು ಹಂಚಿಕೊಂಡು ಆಳುತ್ತಿದ್ದರು. ಅವರಲ್ಲೊಂದು ಮನೆತನ ಹೊಯ್ಸಳರದು. ಸುಮಾರು 950ರಲ್ಲಿ ಅರೆಕಲ್ಲ, ಅವನ ನಂತರ ಮಾರುಗ, ಮೊದಲನೆಯ ನೃಪಕಾಮ ಎಂಬ ಹೆಸರುಗಳು ಶಾಸನಗಳಲ್ಲಿ ಸಿಗುತ್ತವೆ. ಇವರನ್ನು ಅರಸರು ಎನ್ನುವುದಕ್ಕಿಂತ ಊರೊಡೆಯರು ಎನ್ನುವುದೇ ಸರಿ. ದಕ್ಷಿಣದಲ್ಲಿ ಅರಕಲಗೂಡು ಸೀಮೆ ಮತ್ತು ಉತ್ತರ ಕೊಡಗು ಕೊಂಗಾಳ್ವ ಅರಸರ ಕೈಯಲ್ಲಿದ್ದವು. ಈಗಿನ ಆಲೂರು, ಪಾಳ್ಯಗಳ ನೆಲ ಈ ಎರಡು ಶಕ್ತಿಗಳ ನಡುವೆ ಸಿಕ್ಕಿಕೊಂಡಿತ್ತು. 11ನೇ ಶತಮಾನದ ಮೊದಲ ಭಾಗದಲ್ಲಿ ಎರಡನೆಯ ನೃಪಕಾಮ ಕೊಂಗಾಳ್ವರೊಡನೆ ಕಾದಾಡಿದ. ಅವನ ಮಗ ವಿನಯಾದಿತ್ಯ ಕಲ್ಯಾಣದ ಚಾಲುಕ್ಯರ ಸಾಮಂತನಾಗಿ ಬೆಳೆದ. ಚಾಲುಕ್ಯ ಒಂದನೆಯ ಸೋಮೇಶ್ವರನ ರಾಣಿಯರಲ್ಲಿ ಹೊಯ್ಸಳದೇವಿಯೂ ಒಬ್ಬಳು. ಮಲೆಯ ಈ ಚಿಕ್ಕ ಮನೆತನ ಅಷ್ಟರ ಹೊತ್ತಿಗೆ ಎಲ್ಲಿಗೆ ಮುಟ್ಟಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಮುಂದೆ ಬಯಲುಸೀಮೆಯ ದೊಡ್ಡ ದೊರೆಗಳಾದ ಮೇಲೂ ಅವರು ‘ಮಲೆಪರೊಳ್ ಗಂಡ’ ಎಂಬ ಬಿರುದನ್ನು ಬಿಡಲಿಲ್ಲ.

ಊರಿನ ದೇವತೆ ವಸಂತಿಕೆ. ಜನ ಕರೆಯುವುದು ವಸಂತಮ್ಮ ಎಂದು. ಹೊಯ್ಸಳರಿಗೆ ಇವಳು ಕುಲದೇವತೆ. ಸುದತ್ತನೆಂಬ ಜೈನಮುನಿ ಇವಳ ಸನ್ನಿಧಿಯಲ್ಲಿದ್ದಾಗ ಹುಲಿ ಮೇಲೆರಗಿತು, ಮುನಿ ‘ಹೊಯ್ ಸಳ’ ಎಂದ, ವಂಶದ ಮೂಲಪುರುಷ ಸಳ ಅದನ್ನು ಹೊಡೆದು ಕೊಂದ ಎಂಬ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಈ ಕಥೆ ಮೊದಲು ಕಾಣುವುದು ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ, ಬೇಲೂರಿನ 1117ರ ಶಾಸನದಲ್ಲಿ. ಅದಕ್ಕೆ ಸ್ವಲ್ಪ ಮೊದಲಷ್ಟೇ ಅವನು ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ್ದ. ಚೋಳರ ಲಾಂಛನ ಹುಲಿ. ಹೊಯ್ಸಳ ಗುಡಿಗಳ ಮೇಲೆ ನಿಂತ ಸಳ–ಹುಲಿಯ ಶಿಲ್ಪ ಆ ಗೆಲುವನ್ನು ಸಾರುತ್ತದೆಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಈ ವಾದಕ್ಕೆ ತೂಕವಿದೆ. ಹಾಗೆಂದು ಸಳನ ಕಥೆಯನ್ನು ತಳ್ಳಿಹಾಕಬೇಕಾಗಿಲ್ಲ. ಸಾಮ್ರಾಜ್ಯದ ಉಚ್ಛ್ರಾಯದಲ್ಲಿಯೂ ಅರಸರು ತಮ್ಮ ಹುಟ್ಟನ್ನು ಹೇಳಿಕೊಳ್ಳಲು ಈ ಕಾಡೂರಿನ ಅಮ್ಮನ ಗುಡಿಗೇ ಮರಳಿದರು ಎಂಬುದು ಅದರಲ್ಲಿರುವ ದಿಟ.

ಊರಿನಲ್ಲಿ ಜೈನ ಬಸದಿಗಳಿವೆ. ಹತ್ತಿರದಲ್ಲಿಯೇ ಕೇಶವ, ಮಲ್ಲಿಕಾರ್ಜುನ, ಪಾತಾಳ ರುದ್ರೇಶ್ವರ ಗುಡಿಗಳು ಬಹುಕಾಲ ಪಾಳುಬಿದ್ದಿದ್ದವು. ಬೇಲೂರಿನ ಕುಸುರಿ ಇಲ್ಲಿಲ್ಲ. ಹುಡುಕಿ ಬಂದವರಿಗೆ ನಿರಾಸೆಯಾದೀತು. ಇಲ್ಲಿಯ ಬೆಲೆ ಇರುವುದು ಶಾಸನಗಳಲ್ಲಿ. ಬಿ. ಎಲ್. ರೈಸ್ ಮುದ್ರಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 6ನೇ ಸಂಪುಟದ ಮೂಡಿಗೆರೆ ಶಾಸನಗಳಿಂದಲೇ ಅಂಗಡಿಯೇ ಸೊಸೆವೂರು ಎಂಬುದು ವಿದ್ವಾಂಸರಿಗೆ ನಿಶ್ಚಯವಾಯಿತು.

11ನೇ ಶತಮಾನದಲ್ಲಿ ಆಳ್ವಿಕೆ ಬೇಲೂರಿಗೆ, ಅಲ್ಲಿಂದ ದೋರಸಮುದ್ರಕ್ಕೆ (ಇಂದಿನ ಹಳೇಬೀಡು) ಇಳಿಯಿತು. ಮಳೆ, ಕಾಡು, ಕಡಿದಾದ ಗುಡ್ಡಗಳ ಸೀಮೆಯಲ್ಲಿ ದೊಡ್ಡ ಸೈನ್ಯ ಸಾಕುವಷ್ಟು ಬೆಳೆ ಎಲ್ಲಿ? ಅರಸರು ಹೋದರು, ವಸಂತಮ್ಮ ಉಳಿದಳು. 1311ರಲ್ಲಿ ದೆಹಲಿ ಸುಲ್ತಾನನ ಸೇನಾನಿ ಮಲ್ಲಿಕ್ ಕಾಫರನ ದಾಳಿಗೆ ದೋರಸಮುದ್ರ ನಲುಗಿತು, 1340ರ ದಶಕದಲ್ಲಿ ವಂಶವೇ ಮುಗಿಯಿತು. ಅಮ್ಮನ ಪೂಜೆ ಮಾತ್ರ ಇಂದಿಗೂ ನಡೆಯುತ್ತಿದೆ.

ಇದಕ್ಕೆ ಈ ಸೀಮೆಯ ಗ್ರಾಮದೇವತಾರಾಧನೆಯೇ ಕಾರಣ. ಸಕಲೇಶಪುರ, ಆಲೂರು, ಮೂಡಿಗೆರೆ ಭಾಗದ ಹಳ್ಳಿಗಳಲ್ಲಿ ಸುಗ್ಗಿ ಹಬ್ಬಕ್ಕೆ ‘ಸಾರು ಹಾಕಿದ’ (ಹಬ್ಬವನ್ನು ಸಾರಿದ) ಮೇಲೆ ಹಸಿ ಮರ ಕಡಿಯುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ. ಹೀಗೆ ಊರಿಗೂರೇ ಕಟ್ಟುಪಾಡಿಗೆ ಒಳಪಡುತ್ತದೆ. ಸುಗ್ಗಿ ಕುಣಿಯುವುದು ಸೂರಿಲ್ಲದ ಸುಗ್ಗಿಕಟ್ಟೆಯ ಬಳಿ. ಇದಕ್ಕೆ ದೂರದ ಹೋಲಿಕೆಯೊಂದಿದೆ: ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳ ಪ್ರಾಚೀನ ಆರಾಧನಾಸ್ಥಳ ‘ಹೇಯಾವು’ ಕೂಡ ಹೆಚ್ಚಾಗಿ ಕಲ್ಲು ಪೇರಿಸಿದ ಬಯಲು ಜಗಲಿಯೇ. ಅಲ್ಲಿಯ ಬದುಕನ್ನು ‘ಕಪು’ ಎಂಬ ನಿಷೇಧಗಳು ಆಳುತ್ತಿದ್ದವು. 1790–91ರಲ್ಲಿ ಅಲ್ಲಿಯ ಅರಸ ಒಂದನೆಯ ಕಮೆಹಮೆಹಾ ಪುಉಕೊಹೊಲಾ ಎಂಬ ದೊಡ್ಡ ಹೇಯಾವು ಕಟ್ಟಿಸಿದ. 1819ರಲ್ಲಿ ಅವನು ತೀರಿಕೊಂಡ ಕೆಲವೇ ತಿಂಗಳಲ್ಲಿ ರಾಜಮನೆತನವೇ ಕಪುವನ್ನು ಮುರಿಯಿತು, ಜಗಲಿಗಳು ಬರಿದಾದವು. ಅಲ್ಲಿ ಕಟ್ಟಳೆ ಅರಮನೆಯ ಕೈಯಲ್ಲಿತ್ತು. ಸೊಸೆವೂರಿನಲ್ಲಿ ಅದು ಊರವರ ಕೈಯಲ್ಲಿತ್ತು. ಅರಮನೆ ಎದ್ದುಹೋದರೂ ದೀಪ ಹಚ್ಚುವವರಿದ್ದರು.

2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಸೇರಿದವು. ಶಿಲ್ಪದ ಅಳತೆಗೋಲಿನಲ್ಲಿ ಆ ಆಯ್ಕೆ ಯೋಗ್ಯವೇ. ಆದರೂ ಆ ವೈಭವದ ಬೇರು ಇರುವ ಊರಿಗೆ ಇನ್ನೂ ಹೆಚ್ಚಿನ ಗಮನ ಸಲ್ಲಬೇಕು.

ಹಾಸನದಿಂದ ಆಲೂರು, ಪಾಳ್ಯ ದಾಟಿ ಹೆದ್ದಾರಿಯಲ್ಲಿ ಸಕಲೇಶಪುರಕ್ಕೆ ಬಂದು, ಹಾನಬಾಳಿನ ಮೇಲೆ ಮೂಡಿಗೆರೆಯ ದಾರಿ ಹಿಡಿದರೆ ಅಂಗಡಿಗೆ ಹೋಗಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಜೋರು, ಜಿಗಣೆಗಳೂ ಇರುತ್ತವೆ. ಮಳೆ ಬಿಟ್ಟ ಮೇಲೆ ಬಂದವರು ಅಂಗಡಿಯನ್ನು ಮೊದಲು ನೋಡಿ, ಆಮೇಲೆ ಬೇಲೂರಿಗೆ, ಕೊನೆಗೆ ಹಳೇಬೀಡಿಗೆ ಹೋಗುವುದು ಒಳ್ಳೆಯದು. ಹೊಯ್ಸಳರು ಮಲೆಯಿಂದ ಬಯಲಿಗೆ ಇಳಿದದ್ದೂ ಅದೇ ಕ್ರಮದಲ್ಲಿ.